ಅಲುಗಾಡದ ದೋಣಿಯೇ ಅಪಾಯ: ಸಣ್ಣ ಪಾಂಟೂನ್ ದೋಣಿ ಕಟ್ಟುವವರಿಗೆ ಕೆಲವು ಲೆಕ್ಕಗಳು

(ಮೈಸೂರಿನಲ್ಲಿ ಫ್ಯಾಬ್ರಿಕೇಶನ್ ಕೆಲಸದವರಿಗೂ ಕೆರೆ, ಹಿನ್ನೀರುಗಳಲ್ಲಿ ಬೋಟಿಂಗ್ ನಡೆಸುವವರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ)

ತಲಕಾಡಿನಲ್ಲೋ ಶ್ರೀರಂಗಪಟ್ಟಣದ ಸಂಗಮದಲ್ಲೋ ತೆಪ್ಪ ಹತ್ತಿದವರಿಗೆ ಗೊತ್ತು, ಕಾಲಿಟ್ಟ ತಕ್ಷಣ ಅದು ಒಂದು ಕಡೆಗೆ ವಾಲುತ್ತದೆ. ಅಂಬಿಗ ಹೇಳುವ ಮೊದಲೇ ಜನ ತಾವಾಗಿ ಕೂತುಬಿಡುತ್ತಾರೆ, ಪಕ್ಕದವರ ತೋಳು ಹಿಡಿದುಕೊಳ್ಳುತ್ತಾರೆ. ತೆಪ್ಪ ತನ್ನ ಮಿತಿಯನ್ನು ಮೈಮೇಲೇ ಹೇಳುವ ವಾಹನ. ಪಾಂಟೂನ್ ದೋಣಿ ಹಾಗಲ್ಲ. ಎರಡು ಉದ್ದನೆಯ ಕೊಳವೆ, ಮೇಲೊಂದು ಚಪ್ಪಟೆ ಹಲಗೆ, ಸುತ್ತ ಕಂಬಿ, ತಲೆಮೇಲೆ ಚಾವಣಿ. ಹತ್ತಿದವರಿಗೆ ಮನೆಯ ಜಗಲಿ ಹತ್ತಿದ ಹಾಗಿರುತ್ತದೆ. ಓಡಾಡುತ್ತಾರೆ, ಫೋಟೋ ತೆಗೆಯುತ್ತಾರೆ, ದಡದಲ್ಲಿ ಮೊಸಳೆ ಕಂಡಿತು ಅಂದರೆ ಎಲ್ಲರೂ ಒಂದೇ ಕಂಬಿಗೆ ಒರಗುತ್ತಾರೆ. ಅಲುಗಾಡದ ದೋಣಿಯಲ್ಲಿ ಹೆದರಿಕೆ ಯಾಕೆ ಹುಟ್ಟಬೇಕು?

ಆ ಗಟ್ಟಿತನ ಎಲ್ಲಿಂದ ಬರುತ್ತದೆ, ಎಲ್ಲಿಗೆ ಮುಗಿಯುತ್ತದೆ ಅನ್ನುವುದೇ ಇವತ್ತಿನ ವಿಷಯ. ಜನ ಬಲಕ್ಕೆ ಸರಿದರೆ ಬಲಗಡೆಯ ಕೊಳವೆ ಇನ್ನಷ್ಟು ಮುಳುಗಿ ಹೆಚ್ಚು ಹೊರುತ್ತದೆ, ಎಡಗಡೆಯದು ಮೇಲೆದ್ದು ಕಡಿಮೆ ಹೊರುತ್ತದೆ. ಈ ವ್ಯತ್ಯಾಸವೇ ದೋಣಿಯನ್ನು ನೆಟ್ಟಗೆ ನಿಲ್ಲಿಸುವುದು. ಆದರೆ ಬಲಗಡೆಯ ಕೊಳವೆ ಪೂರ್ತಿ ನೀರಿನೊಳಗೆ ಹೋದ ಮೇಲೆ ಅದು ಒಂದು ಕೆ.ಜಿ.ಯನ್ನೂ ಹೆಚ್ಚಿಗೆ ಹೊರಲಾರದು. ಅಲ್ಲಿಯವರೆಗೆ ಬಂಡೆಯ ಹಾಗಿದ್ದ ದೋಣಿ ಅಲ್ಲಿಂದ ಮುಂದೆ ಕೆಲವೇ ಸೆಕೆಂಡಿನಲ್ಲಿ ಮಗುಚುತ್ತದೆ. ನಡುವೆ ಎಚ್ಚರಿಕೆಯ ಹಂತ ಅನ್ನುವುದೇ ಇಲ್ಲ.

2004ರ ಮಾರ್ಚ್ 6ರಂದು ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 'ಲೇಡಿ ಡಿ' ಎಂಬ ಪಾಂಟೂನ್ ದೋಣಿ ಹಠಾತ್ ಬಿರುಗಾಳಿಗೆ ಸಿಕ್ಕಿ ಮಗುಚಿತು. ಇದ್ದವರು 25 ಜನ, ಸತ್ತವರು 5. ತನಿಖೆಯಲ್ಲಿ ಹೊರಬಿದ್ದ ಎರಡು ಸಂಗತಿಗಳು ನಮಗೆ ಮುಖ್ಯ. ಆ ದೋಣಿಗೆ 25 ಜನರ ಅನುಮತಿ ಕೊಟ್ಟದ್ದು ಅದನ್ನೇ ಪರೀಕ್ಷಿಸಿ ಅಲ್ಲ, ಅದರ ಹಾಗೇ ಇದೆ ಎಂದುಕೊಂಡ ಬೇರೊಂದು ದೋಣಿಯ ಪರೀಕ್ಷೆಯ ಮೇಲೆ. ಎರಡನೆಯದು, ತಲೆಗೆ 140 ಪೌಂಡ್, ಅಂದರೆ ಸುಮಾರು 63 ಕೆ.ಜಿ. ತೂಕ ಹಿಡಿದಿದ್ದರು. ಹತ್ತಿದ್ದವರ ನಿಜವಾದ ಸರಾಸರಿ 76 ಕೆ.ಜಿ.ಯ ಹತ್ತಿರವಿತ್ತು. ಆಮೇಲೆ ಅಲ್ಲಿನ ಕೋಸ್ಟ್ ಗಾರ್ಡ್ ಈ ಅಂಕಿಯನ್ನು 185 ಪೌಂಡಿಗೆ, ಅಂದರೆ 84 ಕೆ.ಜಿ.ಗೆ ಏರಿಸಿತು. ನಮ್ಮ ಪಕ್ಕದ ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು 45 ಜನ ಸತ್ತ ದೋಣಿ ಪಾಂಟೂನ್ ಅಲ್ಲ, ಎರಡಂತಸ್ತಿನ ಬೇರೆ ಬಗೆಯದು. ಆದರೆ ಅಲ್ಲಿಯೂ ಕಾಡುಪ್ರಾಣಿ ನೋಡಲು ಜನ ಒಂದು ಬದಿಗೆ ಸರಿದಿದ್ದರು.

ಮೊದಲು ಕಾಗದ, ಆಮೇಲೆ ಕಟಿಂಗ್

ಒಂದು ಮಾದರಿ ದೋಣಿ ಇಟ್ಟುಕೊಳ್ಳೋಣ. 12 ಪ್ರಯಾಣಿಕರು, 2 ಸಿಬ್ಬಂದಿ. 600 ಮಿ.ಮೀ. ವ್ಯಾಸದ ಎರಡು ಕೊಳವೆ. ನೇರ ಭಾಗ 8 ಮೀಟರ್. ಮೂತಿಯ ಕೂರು ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಮೇಲುಳಿತಾಯ. ಕೊಳವೆಗಳ ನಡುಗೆರೆಯಿಂದ ನಡುಗೆರೆಗೆ 1.9 ಮೀಟರ್, ಹೊರಗಿನಿಂದ ಹೊರಗೆ 2.5 ಮೀಟರ್.

600 ಮಿ.ಮೀ. ಕೊಳವೆ ಮೀಟರಿಗೆ 283 ಲೀಟರ್ ನೀರನ್ನು ಸರಿಸುತ್ತದೆ. 8 ಮೀಟರಿಗೆ 2,260 ಲೀಟರ್, ಎರಡಕ್ಕೆ 4,520. ಸಿಹಿನೀರಿನಲ್ಲಿ ಲೀಟರಿಗೆ ಒಂದು ಕೆ.ಜಿ., ಹಾಗಾಗಿ ಪೂರ್ತಿ ಮುಳುಗಿಸಲು 4,520 ಕೆ.ಜಿ. ಬೇಕು. ಈ ಅಂಕಿ ನೋಡಿ ಬೋಟಿಂಗ್ ಮಾಲೀಕ ಖುಷಿಯಾಗುತ್ತಾನೆ: ದೋಣಿಯ ತೂಕ ಕಳೆದರೆ 40 ಜನ ಆಗುತ್ತಾರಲ್ಲ! ಆಗುವುದಿಲ್ಲ. ತುಂಬಿದ ದೋಣಿ ಕೊಳವೆಯ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಮೇಲಿನ ಅರ್ಧ ವ್ಯರ್ಥ ಜಾಗವಲ್ಲ. ವಾಲಿದಾಗ ಹೊರುವುದು ಅದೇ.

ದೋಣಿಯ ಸ್ವಂತ ತೂಕವನ್ನು ಅಂದಾಜಿಗೆ ಬಿಡದೆ ಬರೆಯಿರಿ. 3 ಮಿ.ಮೀ. ಅಲ್ಯೂಮಿನಿಯಂ ಕೊಳವೆ ಮೀಟರಿಗೆ 15 ಕೆ.ಜಿ., 16 ಮೀಟರಿಗೆ 240. ಕೊಳವೆಯನ್ನು ಕೋಣೆಗಳಾಗಿ ಬೇರ್ಪಡಿಸುವ ಒಳಗಿನ ಅಡ್ಡ ಬಿಲ್ಲೆ, ಮೂತಿ, ತಳದ ಪಟ್ಟಿ 60. ಅಡ್ಡ ಚಾನಲ್, ಬ್ರಾಕೆಟ್ 150. 18 ಮಿ.ಮೀ. ಪ್ಲೈವುಡ್ ಹಾಸು 20 ಚದರ ಮೀಟರಿಗೆ 250. ಕಂಬಿ, ಸೀಟು 160. ಚಾವಣಿ 90. ಮೋಟರ್, ಇಂಧನ, ಬ್ಯಾಟರಿ 150. ಲಂಗರು, ಹಗ್ಗ, ಜಾಕೆಟ್, ಬೆಂಕಿ ಆರಿಸುವ ಸಿಲಿಂಡರ್ 50. ಒಟ್ಟು 1,150 ಕೆ.ಜಿ. ತಲೆಗೆ 75 ಕೆ.ಜಿ.ಯಂತೆ 14 ಜನಕ್ಕೆ 1,050. ಎರಡೂ ಸೇರಿ 2,200, ಅರ್ಧಕ್ಕೆ ಚೂರು ಕಡಿಮೆ. ಈ 75 ಕೆ.ಜಿ. ಅಂತರರಾಷ್ಟ್ರೀಯ ನಿಯಮದಲ್ಲಿ ಕನಿಷ್ಠ ಎಂದು ಹಿಡಿಯುವ ಅಂಕಿ. ಸ್ಕೂಲ್ ಮಕ್ಕಳ ಟ್ರಿಪ್ ಬರುತ್ತದೆ, ಅವರು ಹಗುರ ಅನ್ನುವ ವಾದ ಬೇಡ. ಮಾರನೇ ದಿನ ಮದುವೆ ಪಾರ್ಟಿ ಬರುತ್ತದೆ.

ಈಗ ಮೊಸಳೆ ಕಂಡಿತು ಅನ್ನಿ. 12 ಜನ, 900 ಕೆ.ಜಿ., ನಡುವಿನಿಂದ 1 ಮೀಟರ್ ಆಚೆ ಕಂಬಿಗೆ ಬಂದರು. ವಾಲುವಾಗ ಮೇಲಿರುವ ತೂಕವೂ ಅದೇ ಕಡೆಗೆ ಎಳೆಯುವುದನ್ನು ಸೇರಿಸಿದರೆ, ಆ ಬದಿಯ ಕೊಳವೆಯ ಮೇಲೆ ಸುಮಾರು 1,700 ಕೆ.ಜಿ. ಬೀಳುತ್ತದೆ. ಮುಕ್ಕಾಲು ಭಾಗ ಮುಳುಗಿತು. ದೋಣಿ ಹೆಚ್ಚುಕಡಿಮೆ 8 ಡಿಗ್ರಿ ವಾಲಿತು, ಒಂದಿಬ್ಬರು ಕಿರುಚಿದರು, ಅಷ್ಟೆ. ಕಾಲು ಭಾಗ ಇನ್ನೂ ನೀರಿನ ಮೇಲಿದೆ.

ಅದೇ ದೋಣಿಗೆ ದಸರಾ ರಜೆಯಲ್ಲಿ 25 ಜನ ಹತ್ತಿಸಿದರೆ? ಒಟ್ಟು 3,025 ಕೆ.ಜಿ. ಅದರಲ್ಲಿ 18 ಜನ ಒಂದು ಬದಿಗೆ ಬಂದರೆ ಆ ಕೊಳವೆಯ ಮೇಲೆ 2,220 ಕೆ.ಜಿ. ಅದು ಹೊರಬಲ್ಲದ್ದೇ 2,260. ಉಳಿದದ್ದು 40 ಕೆ.ಜಿ., ಮೇಲಿನ ತೂಕದ ಎಳೆತವನ್ನು ಇನ್ನೂ ಸೇರಿಸಿಯೇ ಇಲ್ಲ. ಅಂದರೆ ದೋಣಿ ಮಗುಚುತ್ತದೆ. ಹಲಗೆ ಮುರಿದಿಲ್ಲ, ಕೊಳವೆ ಸೋರಿಲ್ಲ, ಗಾಳಿಯೂ ಬೀಸಿಲ್ಲ.

ಗಾಳಿಯದೂ ಒಂದು ಲೆಕ್ಕ ಇದೆ. ಏಪ್ರಿಲ್-ಮೇ ತಿಂಗಳ ಸಂಜೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಮಳೆಗೆ ಮುಂಚೆ ಬೀಸುವ ಗಾಳಿ ಗೊತ್ತಲ್ಲ. ಬಿಸಿಲಿಗೆಂದು ಬದಿಗಳಿಗೆ ಟಾರ್ಪಾಲು ಇಳಿಬಿಟ್ಟ ದೋಣಿ 16 ಚದರ ಮೀಟರಿನ ಹಾಯಿಯಾಗುತ್ತದೆ. ಗಂಟೆಗೆ 60 ಕಿ.ಮೀ. ಗಾಳಿಗೆ ಅದರ ಮೇಲೆ ಬೀಳುವ ಒತ್ತಡ ಸುಮಾರು 275 ಕೆ.ಜಿ., ಅದೂ ನೀರಿನ ಮಟ್ಟದಿಂದ ಮೇಲೆ. 12 ಜನ ಬದಿಗೆ ಸರಿದಾಗ ಆಗುವ ವಾಲಿಕೆಯ ಅರ್ಧದಷ್ಟನ್ನು ಗಾಳಿಯೊಂದೇ ತರುತ್ತದೆ. ಆದ್ದರಿಂದ ಬದಿ ತೆರೆದಿರಲಿ. ಗಾಜು, ಗ್ರಿಲ್ಲು ಬೇಡವೇ ಬೇಡ. ಮಗುಚಿದ ದೋಣಿಯೊಳಗೆ ಜಾಕೆಟ್ ತೊಟ್ಟವನನ್ನು ಜಾಕೆಟ್ಟೇ ಹಲಗೆಗೆ ಒತ್ತಿ ಹಿಡಿಯುತ್ತದೆ. ಬದಿ ಮುಚ್ಚಿದ್ದರೆ ಅವನು ಹೊರಬರಲಾರ.

ಎಲ್ಲರೂ ಬದಿಯ ಬಗ್ಗೆ ಯೋಚಿಸುತ್ತಾರೆ, ಮುಂಭಾಗವನ್ನು ಮರೆಯುತ್ತಾರೆ. 12 ಜನ ಮುಂದಿನ ಎರಡು ಮೀಟರಿನೊಳಗೆ ಸೆಲ್ಫಿಗೆ ನಿಂತರೆ ಸರಳ ಲೆಕ್ಕದಲ್ಲೇ ಮೂತಿ 22 ಸೆಂ.ಮೀ. ಇಳಿಯುತ್ತದೆ. ನೀರಿನ ಮೇಲಿದ್ದದ್ದು 30, ಉಳಿಯುವುದು 8. ಕೊಳವೆ ದುಂಡಗಿರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಆಗ ಚಾಲಕ ಥಟ್ಟನೆ ವೇಗ ಇಳಿಸಿದ ಅನ್ನಿ. ಮೂತಿ ಇನ್ನಷ್ಟು ಕುಕ್ಕರಿಸುತ್ತದೆ, ಹಿಂದಿನಿಂದ ತನ್ನದೇ ಅಲೆ ಬಂದು ಎತ್ತುತ್ತದೆ, ನೀರು ಹಲಗೆಯ ಮೇಲೆ ನುಗ್ಗುತ್ತದೆ. ಪರಿಹಾರ ಸುಲಭದ್ದು: ಮುಂದಿನ ಕಂಬಿಯನ್ನು ಮೂತಿಯಿಂದ ಒಂದೂವರೆ ಮೀಟರ್ ಹಿಂದೆ ಹಾಕಿ, ಅದರಾಚೆ ಲಂಗರು ಮತ್ತು ಹಗ್ಗ ಮಾತ್ರ.

ಕೂರಿಸುವ ಬಗೆ

'ದಯವಿಟ್ಟು ಎದ್ದು ನಿಲ್ಲಬೇಡಿ' ಎಂಬ ಬೋರ್ಡನ್ನು ಆನೆ ಕಂಡ ಹೊತ್ತಿನಲ್ಲಿ ಯಾರೂ ಓದುವುದಿಲ್ಲ. ಬದಿಗೆ ಸರಿಯುವ ಅಗತ್ಯವೇ ಬೀಳದ ಹಾಗೆ ಸೀಟು ಹಾಕಬೇಕು. ಸುತ್ತಲೂ ಕಂಬಿಗೆ ಅಂಟಿಸಿದ ಸೋಫಾ ಚೆಂದ ಕಾಣುತ್ತದೆ, ಆದರೆ ತೂಕವನ್ನೆಲ್ಲ ಅಂಚಿಗೆ ಒಯ್ಯುತ್ತದೆ. ಬದಲಿಗೆ ನಡುಗೆರೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು ಬೆಂಚು, ಹಲಗೆಗೆ ಬೋಲ್ಟ್ ಬಿಗಿದದ್ದು, ಎಲ್ಲರ ಮುಖ ನೀರಿನ ಕಡೆಗೆ. ಎಡಗಡೆಯವರಿಗೆ ಆನೆ ಕಾಣದಿದ್ದರೆ ಚಾಲಕ ದೋಣಿಯನ್ನೇ ತಿರುಗಿಸಿ ತೋರಿಸಲಿ. ದೋಣಿ ತಿರುಗಿದರೆ ಯಾರೂ ಏಳಬೇಕಿಲ್ಲ. ಪ್ಲಾಸ್ಟಿಕ್ ಕುರ್ಚಿ ಒಂದೂ ಬೇಡ.

ಹಲಗೆ ಕೊಳವೆಯ ಹೊರ ಅಂಚಿನಿಂದ ಆಚೆ ಚಾಚಬಾರದು. ಕಂಬಿ ಅಂಚಿನಿಂದ 15 ಸೆಂ.ಮೀ. ಒಳಗೆ ಇರಲಿ. ಆ ಅರ್ಧ ಅಡಿ 12 ಜನರ ಲೆಕ್ಕದಲ್ಲಿ ಶೇ. 15ರಷ್ಟು ವಾಲಿಕೆ ಉಳಿಸುತ್ತದೆ. ಕಂಬಿಯ ಎತ್ತರ 1 ಮೀಟರಿಗೆ ಕಡಿಮೆ ಬೇಡ, ಮಗು ನುಸುಳದ ಹಾಗೆ ಸಂದು 10 ಸೆಂ.ಮೀ. ಒಳಗೆ. ಗೇಟು ಒಳಗೆ ತೆರೆಯಬೇಕು.

ಲೋಹ, ವೆಲ್ಡಿಂಗ್, ಗಾಳಿ ಪರೀಕ್ಷೆ

ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಎಂ.ಎಸ್. (ಮೈಲ್ಡ್ ಸ್ಟೀಲ್) ಕೆಲಸ ಚೆನ್ನಾಗಿ ಬಲ್ಲವರಿಗೆ ಕೊರತೆಯಿಲ್ಲ, ಹಾಗಾಗಿ ಕಬ್ಬಿಣದಲ್ಲೇ ಮಾಡೋಣ ಎಂಬ ಆಸೆ ಸಹಜ. ಅದೇ 3 ಮಿ.ಮೀ. ಕೊಳವೆ ಕಬ್ಬಿಣದಲ್ಲಿ ಮೀಟರಿಗೆ 44 ಕೆ.ಜಿ. 16 ಮೀಟರಿಗೆ 710. ಅಲ್ಯೂಮಿನಿಯಂಗಿಂತ 470 ಕೆ.ಜಿ. ಹೆಚ್ಚು, ಅಂದರೆ ಆರು ಜನ ಪ್ರಯಾಣಿಕರು ದಡದಲ್ಲೇ ಉಳಿದ ಹಾಗೆ. ತುಕ್ಕು ಬೇರೆ ಒಳಗಿನಿಂದ ಶುರುವಾಗುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಅಲ್ಯೂಮಿನಿಯಂ ಶೀಟು 5083 ಅಥವಾ 5086 ದರ್ಜೆಯದಿರಲಿ, ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ವೆಲ್ಡಿಂಗ್ ವೈರು 5356 ಅಥವಾ 5183. ಅಂಗಡಿಯಲ್ಲಿ ಸುಲಭವಾಗಿ ಸಿಗುವ 4043ನ್ನು ಈ ಶೀಟಿಗೆ ಹಾಕಿದರೆ ಬೆಸುಗೆ ಪೆಡಸಾಗಿ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗುವುದು 2,000 ಡಿಗ್ರಿ ದಾಟಿದ ಮೇಲೆ. ಆದ್ದರಿಂದ ಅಸಿಟೋನಿನಲ್ಲಿ ಒರೆಸಿ, ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ, ಅವತ್ತೇ ಬೆಸೆಯಬೇಕು. ಕಬ್ಬಿಣ ಉಜ್ಜಿದ ಬ್ರಷ್ ಇಲ್ಲಿಗೆ ತರಬೇಡಿ. ಶೆಡ್ಡಿನ ಫ್ಯಾನ್ ನಿಲ್ಲಿಸಿ. ಬೆಸುಗೆಯನ್ನು ಕಾಪಾಡುವ ಆರ್ಗಾನ್ ಅನಿಲವನ್ನು ಗಾಳಿ ಹಾರಿಸಿಕೊಂಡು ಹೋದರೆ ಬೆಸುಗೆ ಜೇನುಗೂಡಿನ ಹಾಗೆ ತೂತಾಗುತ್ತದೆ. ಶೀಟು ರೋಲ್ ಮಾಡಿದಾಗ ಬರುವ ಉದ್ದ ಜೋಡಣೆ ಕೊಳವೆಯ ನೆತ್ತಿಯ ಕಡೆಗಿರಲಿ, ತಳಕ್ಕೆ ಬೇಡ. ತಳಕ್ಕೊಂದು ಪಟ್ಟಿ ಬೆಸೆಯಿರಿ: ಕಬಿನಿಯ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆ, ಕಾವೇರಿಯಲ್ಲಿ ಬಂಡೆ, ಎರಡೂ ತಳಕ್ಕೇ ತಗಲುವುದು.

ಪ್ರತಿ ಕೊಳವೆಯೊಳಗೆ ನಾಲ್ಕು ಅಡ್ಡ ಬಿಲ್ಲೆ ಬೆಸೆದು 1.6 ಮೀಟರಿನ ಐದು ಕೋಣೆ ಮಾಡಿ. ಒಂದು ತೂತಾದರೆ ಹೋಗುವುದು 450 ಲೀಟರ್, ಇಡೀ ಕೊಳವೆಯ 2,260 ಅಲ್ಲ. ಪ್ರತಿ ಕೋಣೆಗೂ ನೀರು ಬಸಿಯಲು ತಳದಲ್ಲೊಂದು ತಿರುಪಿನ ಪ್ಲಗ್, ಗಾಳಿ ಪರೀಕ್ಷೆಗೆ ಮೇಲೊಂದು.

ಗಾಳಿ ಪರೀಕ್ಷೆಯಲ್ಲೇ ಕೈಕಾಲು ಕಳೆದುಕೊಳ್ಳುವ ಅಪಾಯ ಇರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಕಂಪ್ರೆಸರಿನ ಪೈಪನ್ನು ನೇರವಾಗಿ ಕೋಣೆಗೆ ಕೊಡಬೇಡಿ. 7 ಬಾರ್ ಒತ್ತಡ 600 ಮಿ.ಮೀ. ಬಿಲ್ಲೆಯ ಮೇಲೆ 20 ಟನ್ ಆಗುತ್ತದೆ. ಬಿಲ್ಲೆ ಗುಂಡಿನಂತೆ ಹಾರುತ್ತದೆ. ನಮಗೆ ಬೇಕಾದದ್ದು 0.1 ಬಾರ್ ಮಾತ್ರ, ಅಂದರೆ ಒಂದು ಮೀಟರ್ ನೀರಿನ ಕಂಬ. ಪಾರದರ್ಶಕ ಪೈಪನ್ನು 'ಯು' ಆಕಾರಕ್ಕೆ ಗೋಡೆಗೆ ಕಟ್ಟಿ, ನೀರು ತುಂಬಿ, ಒಂದು ತುದಿಯನ್ನು ಕೋಣೆಗೆ ಸೇರಿಸಿ, ಇನ್ನೊಂದನ್ನು ತೆರೆದಿಡಿ. ಎರಡು ಕಡೆಯ ನೀರಿನ ಮಟ್ಟದ ಅಂತರ ಒಂದು ಮೀಟರ್ ಬರುವವರೆಗೆ ಕಾಲಿನ ಪಂಪಿನಿಂದ ಗಾಳಿ ತುಂಬಿ. 45 ಲೀಟರ್ ಗಾಳಿ ಸಾಕು, ಕಾಲು ನೋಯುವಷ್ಟೇನೂ ಅಲ್ಲ. ಬೆಸುಗೆಯ ಮೇಲೆ ಸೋಪಿನ ನೀರು ಸವರಿ ಗುಳ್ಳೆ ನೋಡಿ. ಪಕ್ಕದ ಕೋಣೆಯ ಪ್ಲಗ್ ತೂತಿಗೆ ಮಕ್ಕಳ ಬಲೂನು ಸಿಕ್ಕಿಸಿ: ಅದು ಮೆಲ್ಲಗೆ ಉಬ್ಬಿದರೆ ಒಳಗಿನ ಬಿಲ್ಲೆಯ ಬೆಸುಗೆ ಸೋರುತ್ತಿದೆ. ಹೊರಗಿನಿಂದ ಎಷ್ಟು ಸೋಪು ಹಚ್ಚಿದರೂ ಆ ಸೋರಿಕೆ ಕಾಣುವುದಿಲ್ಲ. ಈ ಕೆಲಸ ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಆಗಬೇಕು. ಒಳಗಿನ ಗಾಳಿ 25 ಡಿಗ್ರಿಯಿಂದ 50ಕ್ಕೆ ಕಾದರೆ ಒತ್ತಡ ತಾನಾಗಿಯೇ 85 ಸೆಂ.ಮೀ.ನಷ್ಟು ಏರುತ್ತದೆ; ಸೋರುವ ಕೋಣೆಯೂ ಬಿಸಿಲಿನಲ್ಲಿ ಪಾಸಾಗಿಬಿಡುತ್ತದೆ.

ಮೇಲೆ ಹಾಸಲು ಐ.ಎಸ್. 710 ಗುರುತಿನ ಮರೀನ್ ಪ್ಲೈವುಡ್. ಕೊಯ್ದ ಅಂಚಿಗೂ ಬೋಲ್ಟಿನ ತೂತಿಗೂ ಎಪಾಕ್ಸಿ ಹಚ್ಚಿ. ತಾಮ್ರದ ಔಷಧಿ ಹೊಡೆದ ಮರವನ್ನು ಅಲ್ಯೂಮಿನಿಯಂಗೆ ತಾಗಿಸಬೇಡಿ, ಲೋಹವನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾನ್ ವಾಷರ್ ಹಾಕಿ. ಅಡ್ಡ ಚಾನಲ್ 40 ಸೆಂ.ಮೀ.ಗೊಂದು. 6000 ಸರಣಿಯ ಅಲ್ಯೂಮಿನಿಯಂ ಚಾನಲ್ಲಿಗೆ ವೆಲ್ಡ್ ಪಕ್ಕದಲ್ಲಿ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುವುದರಿಂದ ಕಂಬಿಯ ಬುಡವನ್ನು ಬರೀ ಬೆಸೆದು ಬಿಡದೆ ತೋಳು ಕೊಟ್ಟು ಬೋಲ್ಟ್ ಹಾಕಿ.

ಎಂಜಿನ್ ವಿಷಯ ಚುಟುಕಾಗಿ: 15ರಿಂದ 25 ಅಶ್ವಶಕ್ತಿ ಸಾಕು, ಈ ದೋಣಿ ಓಡಬೇಕಾದದ್ದು ಗಂಟೆಗೆ 8 ಕಿ.ಮೀ. ಆಸುಪಾಸಿನಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಪೆಟ್ಟಿಗೆಯಲ್ಲಿ ಕೆಳಗೆ ಕೂತುಬಿಡುತ್ತದೆ. ಟ್ಯಾಂಕ್ ಹಿಂಭಾಗದಲ್ಲಿ ಬಯಲಿಗಿರಲಿ. ಅಂತರಗಂಗೆ ತುಂಬಿದ ಕೆರೆಯಲ್ಲಿ ತಂಪಿನ ನೀರು ಎಳೆಯುವ ತೂತು ಕಟ್ಟಿ ಎಂಜಿನ್ ಕಾಯುತ್ತದೆ, ಅದಕ್ಕೇ ಎರಡು ಹುಟ್ಟು ಯಾವಾಗಲೂ ದೋಣಿಯಲ್ಲಿರಬೇಕು.

ಮರಳು ಚೀಲದ ದಿನ

ಕಟ್ಟಿದ ಮೇಲೆ ಒಂದು ಇಡೀ ದಿನ ಪರೀಕ್ಷೆಗೆ ಇಡಿ. ಸೊಂಟದುದ್ದ ನೀರು, ಜನರ ಬದಲು ಮರಳು ಚೀಲ. 25 ಕೆ.ಜಿ.ಯ 42 ಚೀಲ ಅಂದರೆ 1,050 ಕೆ.ಜಿ. ಪ್ರತಿಯೊಂದನ್ನೂ ತೂಗಿ ಹಾಕಿ, ಒದ್ದೆ ಮರಳು ಮೋಸ ಮಾಡುತ್ತದೆ. ನಿಂತ ಮನುಷ್ಯನ ತೂಕದ ನಡು ಹಲಗೆಯಿಂದ ಒಂದು ಮೀಟರ್ ಮೇಲಿರುತ್ತದೆ, ಚೀಲದ್ದು ಪಾದದ ಬಳಿ. ಹಾಗಾಗಿ ಚೀಲಗಳನ್ನು ಮೇಜಿನೆತ್ತರಕ್ಕೆ ಏರಿಸಿ, ಜಾರದಂತೆ ಕಟ್ಟಿ.

ಖಾಲಿ ದೋಣಿಯ ನಾಲ್ಕು ಮೂಲೆಯಲ್ಲಿ ಕೊಳವೆ ನೀರಿನ ಮೇಲೆ ಎಷ್ಟು ಕಾಣುತ್ತದೆ ಅಳೆದು ಬರೆಯಿರಿ. ನಡುವೆ ಪೂರ್ತಿ ಹೊರೆ ಹಾಕಿ ಅಳೆಯಿರಿ. ಪ್ರಯಾಣಿಕರ 36 ಚೀಲ ಬದಿಗೆ, ಆಮೇಲೆ ಮುಂದಕ್ಕೆ, ಆಮೇಲೆ ಮುಂದಿನ ಮೂಲೆಗೆ. ಪ್ರತಿ ಸಲವೂ ನಾಲ್ಕೈದು ಚೀಲದಂತೆ ಸರಿಸುತ್ತ, ನೋಡುತ್ತ ಹೋಗಿ, ಒಮ್ಮೆಲೇ ಅಲ್ಲ. ಕೆಳಬದಿಯ ಕೊಳವೆಯ ಕಾಲು ಭಾಗ ನೀರಿನ ಮೇಲೆ ಉಳಿಯದಿದ್ದರೆ ಜನರನ್ನು ಕಡಿಮೆ ಮಾಡಿ, ವಾದ ಬೇಡ. ಕೊನೆಗೆ ಮುಂದಿನ ಒಂದು ಕೋಣೆಗೆ ನೀರು ತುಂಬಿ, ಹೊರೆ ನಡುವೆ ಇಟ್ಟು ನೋಡಿ. ದೋಣಿ ದಡ ಸೇರುವಷ್ಟಾದರೂ ತೇಲಬೇಕು. ಪರೀಕ್ಷೆ ಮುಗಿದ ಮೇಲೆ ಕೊಳವೆಯ ಅರ್ಧದ ಗೆರೆಗೆ ಎರಡೂ ಬದಿ ಕೆಂಪು ಪಟ್ಟಿ ಹೊಡೆಯಿರಿ. ದಡದಲ್ಲಿ ಟಿಕೆಟ್ ಹರಿಯುವ ಹುಡುಗನಿಗೂ ಅದು ಕಾಣಬೇಕು: ಪಟ್ಟಿ ಮುಳುಗಿದರೆ ಇಬ್ಬರು ಇಳಿಯಬೇಕು.

ಕಾನೂನಿನ ಮಾತು: 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ನೋಂದಣಿ, ಸರ್ವೆ, ಚಾಲಕರ ಅರ್ಹತಾ ಪತ್ರ, ವಿಮೆ ಎಲ್ಲವೂ ಅದರಡಿ ಬರುತ್ತವೆ. ಶೀಟು ಕತ್ತರಿಸುವ ಮೊದಲೇ ನಕ್ಷೆಯನ್ನು ಸರ್ವೇಯರಿಗೆ ತೋರಿಸಿ. ಕಟ್ಟಿದ ಮೇಲೆ ತೋರಿಸಿದರೆ ಅವರು ಕೇಳುವ ಬದಲಾವಣೆಗೆ ಗ್ರೈಂಡರ್ ಹಿಡಿಯಬೇಕಾಗುತ್ತದೆ.

ಕೇಳುಗರ ಪ್ರಶ್ನೆಗಳಿಂದ

ನಡುವೆ ಮೂರನೇ ಕೊಳವೆ ಹಾಕಿದರೆ ಒಂದೂವರೆ ಪಟ್ಟು ಜನ ಹತ್ತಿಸಬಹುದೇ? ಇಲ್ಲ. ನಡುವಿನ ಕೊಳವೆ ಹೊರೆ ಹೊರುತ್ತದೆ, ವಾಲುವುದನ್ನು ತಡೆಯುವ ಕೆಲಸ ಬದಿಯ ಎರಡರದ್ದೇ. ಬದಿಯವು ಅಷ್ಟು ಕಡಿಮೆ ಮುಳುಗುವುದರಿಂದ ಲಾಭ ಇದೆ, ಆ ಲಾಭವನ್ನು ಟಿಕೆಟ್ಟಾಗಿ ಮಾರಬೇಡಿ.

ನೀರು ಸರಬರಾಜಿನ ದೊಡ್ಡ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್ ಆಗುತ್ತದೆಯೇ? ಆಗುತ್ತದೆ, ತುದಿಗಳನ್ನು ಬಿಸಿ ಬೆಸುಗೆಯಲ್ಲೇ ಮುಚ್ಚಬೇಕು. ಬಿಸಿಲಿಗೆ ಅದು ಬಹಳ ಹಿಗ್ಗುತ್ತದೆ. 8 ಮೀಟರಿಗೆ 30 ಡಿಗ್ರಿ ಏರಿದರೆ ಹತ್ತಿರ ಹತ್ತಿರ 4 ಸೆಂ.ಮೀ. ಚೌಕಟ್ಟಿಗೆ ಬಿಗಿಯಾಗಿ ಬೋಲ್ಟ್ ಹಾಕಿದರೆ ಸೀಳುತ್ತದೆ. ಪಟ್ಟಿ ಸುತ್ತಿ ಜಾರಲು ಜಾಗ ಬಿಡಿ. 200 ಲೀಟರಿನ ಡ್ರಮ್ಮು ಮಾತ್ರ ಬೇಡ. ಮುಚ್ಚಳ ಸೋರುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಉದ್ದಕ್ಕೆ ಬಲವೇ ಇರುವುದಿಲ್ಲ.

ಕೊಳವೆಯೊಳಗೆ ಫೋಮ್ ತುಂಬಿಸಿದರೆ ಮುಳುಗುವುದೇ ಇಲ್ಲವಲ್ಲ? ಸುರಿದು ಉಬ್ಬಿಸುವ ಫೋಮ್ ವರ್ಷಗಳು ಕಳೆದಂತೆ ನೀರು ಕುಡಿಯುತ್ತದೆ, ತೂಕ ಏರುತ್ತದೆ, ಒಳಗಿನ ಸವೆತ ಮರೆಯಾಗುತ್ತದೆ. ಖಾಲಿ ಕೋಣೆ, ಬಿಚ್ಚಲು ಬರುವ ಪ್ಲಗ್ಗು, ಇವೇ ನಮ್ಮ ಆಯ್ಕೆ.

ಈಗಾಗಲೇ ಓಡುತ್ತಿರುವ ದೋಣಿಗೆ ಏನು ಮಾಡಬೇಕು? ಮೊದಲು ಚಾವಣಿಗೆ ಏಣಿ ಇದ್ದರೆ ಕಿತ್ತುಹಾಕಿ. ವಾರದಲ್ಲಿ ರಜೆಯ ದಿನ ದೋಣಿಯನ್ನು ದಡಕ್ಕೆಳೆದು ಪ್ರತಿ ಕೋಣೆಯ ಪ್ಲಗ್ ಬಿಚ್ಚಿ, ಬಂದ ನೀರನ್ನು ಬಕೆಟ್ಟಿನಲ್ಲಿ ಅಳೆದು ಕೋಣೆಯ ನಂಬರಿನ ಮುಂದೆ ಬರೆಯಿರಿ. ಒಂದೆರಡು ಚಮಚದಷ್ಟು ಬಂದರೆ ಅದು ಒಳಗಿನ ಗಾಳಿಯ ಪಸೆ. ಒಂದೇ ಕೋಣೆಯಲ್ಲಿ ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ ಅಲ್ಲೊಂದು ಬಿರುಕು ಬೆಳೆಯುತ್ತಿದೆ. ಆ ದಿನವೇ ದೋಣಿ ನಿಲ್ಲಿಸಿ ಸೋಪು, ಬಲೂನು ತನ್ನಿ.